ಮುಂದಿನ ಗಾಲಿಯ ನಟ್ಟು

ಮುರುಗೆಪ್ಪ ಪುಣೆಯಲ್ಲಿ ಮೋಟರ್ ಸೈಕಲ್ ತಯಾರು ಮಾಡುತ್ತಾನೆ ಎಂಬುದು ಆಳಂದ ತಾಲೂಕಿನ ಅವನ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನು ಮುರುಗೆಪ್ಪ ಒಬ್ಬನೇ.

ಹಾಗಂತ ಅದು ಪೂರಾ ಸುಳ್ಳೂ ಅಲ್ಲ. ಪುಣೆ ಬಳಿಯ ಚಾಕಣದ ಒಂದು ಕಾರ್ಖಾನೆಯಲ್ಲಿ ಅವನು ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದ, ಆ ಕಾರ್ಖಾನೆಯ ಗೇಟಿನಿಂದ ಹೊರಗೆ ಬರುತ್ತಿದ್ದದ್ದು ಮೋಟರ್ ಸೈಕಲ್ಲುಗಳೇ. ಆದರೆ ಅವನ ಪಾಲಿಗೆ ಬಂದದ್ದು ಒಂದು ನಟ್ಟು. ಗಾಡಿಗಳು ಪಟ್ಟಿಯ ಮೇಲೆ ಸಾಲಾಗಿ ಸರಿದು ಬರುತ್ತವೆ. ಹದಿನೇಳನೇ ನಂಬರಿನ ಜಾಗದಲ್ಲಿ ಮುರುಗೆಪ್ಪ ನಿಂತಿರುತ್ತಾನೆ. ಮೇಲಿಂದ ನೇತುಬಿದ್ದ ಗಾಳಿಯ ಗನ್ನು ಎಳೆದು, ಮುಂದಿನ ಗಾಲಿಯ ಅಚ್ಚಿನ ನಟ್ಟಿಗೆ ಕೂರಿಸಿ, ತೋರುಬೆರಳು ಒತ್ತುತ್ತಾನೆ. ಗುರ್ರ್, ಟಕ್. ಹಸಿರು ದೀಪ ಹತ್ತುತ್ತದೆ. ಮುಂದಿನ ಗಾಡಿ ಬರುತ್ತದೆ. ಒಂದು ಪಾಳಿಗೆ ನಾನೂರು ಗಾಡಿ. ಒಮ್ಮೆ ಬೇಸರಕ್ಕೆ ಕೂತು ಗುಣಿಸಿ ನೋಡಿ, ತಾನು ಈವರೆಗೆ ಹದಿನಾರು ಲಕ್ಷ ನಟ್ಟು ಬಿಗಿದಿದ್ದೇನೆ ಎಂದು ಗೊತ್ತಾದಾಗ, ಹೆಮ್ಮೆ ಪಡಬೇಕೋ ನಗಬೇಕೋ ತಿಳಿಯದೆ ಎರಡು ಕಪ್ಪು ಚಹಾ ಕುಡಿದು ಸುಮ್ಮನಾಗಿದ್ದ.

ಇದನ್ನು ಊರವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮದುವೆಯ ಮಾತುಕತೆಯ ದಿನ ಮಧ್ಯಸ್ಥರು "ಹುಡುಗ ಫಟಫಟಿ ತಯಾರ ಮಾಡ್ತಾನ್ರಿ" ಎಂದಾಗ ಇವನು ತಲೆ ತಗ್ಗಿಸಿ ಕೂತ. ಹೆಣ್ಣಿನ ಕಡೆಯವರು ಅದನ್ನು ವಿನಯ ಎಂದುಕೊಂಡರು. ಅಲ್ಲಿಂದ ಶುರುವಾಯಿತು ನೋಡಿ. ಮಾವನ ಗಾಡಿ ಹೊಗೆ ಬಿಟ್ಟರೆ ಅಳಿಯನಿಗೆ ಫೋನು, ಏರಿನಲ್ಲಿ ಏದುಸಿರು ಬಿಟ್ಟರೆ ಅಳಿಯನಿಗೆ ಫೋನು. ಮುರುಗೆಪ್ಪ ಫೋನಿನಲ್ಲೇ ಇಂಜಿನ್ನಿನ ಸದ್ದು ಕೇಳಿಸಿಕೊಂಡು, ದೊಡ್ಡ ಡಾಕ್ಟರರ ಹಾಗೆ ಸ್ವಲ್ಪ ಹೊತ್ತು ಮೌನವಾಗಿದ್ದು, "ಆಯಿಲ್ ಬದಲ ಮಾಡಸ್ರಿ ಮಾವಾ" ಅನ್ನುತ್ತಿದ್ದ. ಹೊಗೆಗೂ ಅದೇ ಮದ್ದು, ಸದ್ದಿಗೂ ಅದೇ. ಒಮ್ಮೆ ಬ್ರೇಕು ಹಿಡಿಯುವುದಿಲ್ಲ ಎಂದವರಿಗೂ ಅದನ್ನೇ ಹೇಳಿದ್ದ. ಯಾರೂ ಸತ್ತ ಸುದ್ದಿ ಬರಲಿಲ್ಲ, ಹೀಗಾಗಿ ಮದ್ದು ಸರಿಯಿದೆ ಎಂದು ಅವನಿಗೇ ನಂಬಿಕೆ ಬಂದಿತ್ತು.

ಆ ಮನೆಯಲ್ಲಿ ನಿಜವಾಗಿ ಏನನ್ನಾದರೂ ಮೊದಲಿನಿಂದ ಕೊನೆಯವರೆಗೆ ತಯಾರು ಮಾಡುತ್ತಿದ್ದವಳು ಹೆಂಡತಿ ಅನುಸೂಯಾ. ಅವಳು ಮಾಡುತ್ತಿದ್ದದ್ದು ಜೋಳದ ರೊಟ್ಟಿ. ಕಾರ್ಖಾನೆಗಳ ಸುತ್ತ ರೂಮು ಮಾಡಿಕೊಂಡಿರುವ ಕಲಬುರಗಿ, ಬೀದರ, ರಾಯಚೂರ ಕಡೆಯ ಹುಡುಗರಿಗೆ ಚಪಾತಿ ತಿಂದರೆ ಹೊಟ್ಟೆ ತುಂಬುತ್ತದೆ, ಜೀವ ತುಂಬುವುದಿಲ್ಲ. ಅವರಿಗಾಗಿ ಅನುಸೂಯಾ ಮೂರು ಖಾನಾವಳಿಗಳಿಗೆ ದಿನಾ ಬೆಳಿಗ್ಗೆ ರೊಟ್ಟಿ ಮುಟ್ಟಿಸುತ್ತಿದ್ದಳು. ಗಂಡನಿಗೆ ಎರಡನೇ ಪಾಳಿಯ ವಾರವಾದರೆ ಅವನೇ ಗಾಡಿಯಲ್ಲಿ ಕೊಟ್ಟು ಬರುತ್ತಿದ್ದ. ಮೊದಲನೇ ಪಾಳಿಯ ವಾರ ಅವನು ಬೆಳಗಾಗುತ್ತಲೇ ಕಂಪನಿ ಬಸ್ಸು ಹತ್ತಿ ಹೋದರೆ, ಇವಳು ರೊಟ್ಟಿಯ ಗಂಟು ಹೊತ್ತು ಶೇರ್ ಆಟೋ ಕಾಯಬೇಕು. ಆಟೋದಲ್ಲಿ ಯಾರದೋ ಮೊಣಕೈ ತಾಗಿ ರೊಟ್ಟಿ ಮುರಿಯಬೇಕು. ಪಕ್ಕದ ಊರು ನಿಘೋಜೆಯ ಖಾನಾವಳಿಯ ನರ್ಮದಾ ಅಕ್ಕ ಗೋಡೆಯ ಗಡಿಯಾರ ತೋರಿಸಬೇಕು. ಆ ಅಕ್ಕ ಈಗ ಖಡಾಖಂಡಿತ ಹೇಳಿಬಿಟ್ಟಿದ್ದಳು: ಮುಂದಿನ ವಾರದಿಂದ ಏಳರೊಳಗೆ ರೊಟ್ಟಿ ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.

ಮುಂದಿನ ವಾರ ಮುರುಗೆಪ್ಪನಿಗೆ ಮೊದಲನೇ ಪಾಳಿ. ಅದಕ್ಕೇ ಅನುಸೂಯಾ ಗಾಡಿ ಕಲಿತದ್ದು. ಕಲಿಕೆಯ ಲೈಸೆನ್ಸು ತೆಗೆಸಿ ಆರು ತಿಂಗಳಾಗುತ್ತ ಬಂದಿತ್ತು. ಟೆಸ್ಟಿನ ಮೊದಲ ತಾರೀಖಿಗೆ ಗಂಡನಿಗೆ ಓವರ್‌ಟೈಮ್ ಬಂದು ಹೋಗಲಾಗಲಿಲ್ಲ. ಎರಡನೇ ಸಲ ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವಾಗ ಕಾಲು ನೆಲಕ್ಕೆ ತಾಗಿತು, ನಪಾಸು. ಮೂರನೆಯದು ಈ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ಭಾನುವಾರಕ್ಕೆ ಕಲಿಕೆಯ ಲೈಸೆನ್ಸಿನ ಅವಧಿಯೇ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಕಾಯುವುದು, ಅಷ್ಟರಲ್ಲಿ ನಿಘೋಜೆ ಕೈಬಿಟ್ಟು ಹೋಗಿರುತ್ತದೆ.

ಚಾಕಣದ ಕಾರ್ಖಾನೆಗೆ ಗುರುವಾರ ವಾರದ ರಜೆ. ಟೆಸ್ಟಿನ ಹಿಂದಿನ ಆ ಗುರುವಾರ, ಮಗಳು ಶೀತಲ ಶಾಲೆಗೆ ಹೋದ ಮೇಲೆ, ಗಂಡಹೆಂಡತಿ ಮನೆಯ ಹತ್ತಿರದ ಬಯಲಿಗೆ ಗಾಡಿ ತಂದರು. ಅನುಸೂಯಾ ಒಂದು ಡಬ್ಬಿ ರಂಗೋಲಿ ಪುಡಿ ತಂದಿದ್ದಳು. ಸೊಂಟ ಬಗ್ಗಿಸಿ, ಹಿಂದಕ್ಕೆ ನಡೆಯುತ್ತ, ನೆಲದ ಮೇಲೆ ಒಂದು ದೊಡ್ಡ ಎಂಟು ಬರೆದಳು. ಎಂಥಾ ಎಂಟು! ಎರಡೂ ಸುತ್ತು ಒಂದೇ ಅಳತೆ, ಗೆರೆ ಎಲ್ಲೂ ದಪ್ಪವಿಲ್ಲ, ತೆಳುವಿಲ್ಲ. ಆಮೇಲೆ ಗಾಡಿ ಹತ್ತಿ ಅದರೊಳಗೆ ನಾಲ್ಕು ಸಲ ಸುತ್ತಿದಳು. ನಾಲ್ಕೂ ಸಲ ಕಾಲು ಊರಲಿಲ್ಲ. ಐದನೇ ಸಲ ಮಾತ್ರ ಹಿಂದಿನ ಗಾಲಿ ಒಂದಿಷ್ಟು ಗೆರೆ ಒರೆಸಿತು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು ಈ ಮಹಾರಾಯ. ಇರಲಿಲ್ಲ.

"ಇಳಿ ಇಳಿ. ನೀ ಗಾಡೀನ ನಂಬಲ್ಲ, ಅದ ನಿನ್ನ ಕುತ್ತ. ನೋಡು, ನಾ ತೋರಿಸ್ತೀನಿ," ಎಂದು ಹತ್ತಿದ.

"ನಿಧಾನ ರೀ," ಎಂದಳು ಅನುಸೂಯಾ.

"ನಾ ತಯಾರ ಮಾಡೋ ಗಾಡಿ, ನನಗ ನಿಧಾನ ಹೇಳ್ತಿ?"

ಹೇಳಿ ಎಡಗೈಯನ್ನು ಹ್ಯಾಂಡಲ್ಲಿನಿಂದ ತೆಗೆದು ಸೊಂಟದ ಮೇಲೆ ಇಟ್ಟುಕೊಂಡ. ಯಾಕೆ ಎಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಈಗ ಕಂಪನಿಯ ಚಹಾದ ಹೊತ್ತಿನಲ್ಲಿ ತಾನೇ ಈ ಕತೆ ಹೇಳಿ ನಗುವಾಗಲೂ ಆ ಕೈಯ ವಿಷಯ ಬಂದಾಗ ಮಾತ್ರ ಸ್ವಲ್ಪ ತಡವರಿಸುತ್ತಾನೆ. ಮೊದಲ ಸುತ್ತು ಮುಗಿಸಿ ಎರಡನೆಯದಕ್ಕೆ ತಿರುಗುವಲ್ಲಿ ಮುಂದಿನ ಗಾಲಿ ರಂಗೋಲಿ ಪುಡಿಯ ಮೇಲೆ ಜಾರಿತು. ಗಾಡಿ ಎಡಕ್ಕೆ ವಾಲಿ, ಯಾರೋ ಮನೆ ಕಟ್ಟಲು ತಂದು ಸುರಿದಿದ್ದ ಜಲ್ಲಿಕಲ್ಲಿನ ರಾಶಿಗೆ ಹೋಗಿ ಮಲಗಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಜಟ್ಟಿಯ ಮೀಸೆಗೆ ರಂಗೋಲಿಯೂ ಹತ್ತಿತ್ತು.

ಅನುಸೂಯಾ ಓಡಿ ಬಂದಳು. "ಅಯ್ಯ ಶಿವನ! ಪೆಟ್ಟ ಹತ್ತಿತೇನ್ರಿ? ಎಲ್ಲಿ ಹತ್ತಿತು?"

"ಏನಿಲ್ಲ, ಏನಿಲ್ಲ," ಎಂದ ಮುರುಗೆಪ್ಪ, ಜಲ್ಲಿಯ ಮೇಲೆ ಕೂತೇ. "ಹಿಂಗ ಬೀಳಬಾರದು ಅಂತ ತೋರಿಸ್ದೆ."

ಅವಳು ನಗಲಿಲ್ಲ. ಅವನ ಮೊಣಕೈಯ ತರಚು ಗಾಯ ನೋಡಿ, ಅದು ಅಷ್ಟೇನಿಲ್ಲ ಎಂದು ಖಾತ್ರಿಯಾದ ಮೇಲೆ ಗಾಡಿಯ ಕಡೆ ನೋಡಿದಳು. ಎಡಗನ್ನಡಿ ಪುಡಿ. ಇಂಡಿಕೇಟರ್ ತಂತಿಯ ಮೇಲೆ ಜೋತಾಡುತ್ತಿತ್ತು. ಕ್ಲಚ್ಚಿನ ಹಿಡಿಕೆ ತುದಿ ಮುರಿದಿತ್ತು, ಗೇರಿನ ಸರಳು ಒಳಕ್ಕೆ ಮಡಚಿತ್ತು. ಹ್ಯಾಂಡಲ್ಲು ಒಂದು ಕಡೆ ನೋಡಿದರೆ ಗಾಲಿ ಇನ್ನೊಂದು ಕಡೆ ನೋಡುತ್ತಿತ್ತು. "ನಾಳಿ ಟೆಸ್ಟ್ ಅದ ರೀ," ಎಂದಳು, ಸಣ್ಣ ದನಿಯಲ್ಲಿ. ಆ ಸಣ್ಣ ದನಿ ಮುರುಗೆಪ್ಪನಿಗೆ ಜಲ್ಲಿಗಿಂತ ಜೋರಾಗಿ ಹತ್ತಿತು.

ಬಯಲಿನ ಎದುರಿಗೇ ಬಾಬುವಿನ ಗ್ಯಾರೇಜು. ಅಲ್ಲೇ ಹುಟ್ಟಿ ಬೆಳೆದ ಮರಾಠಿಯವನು, ಮುಂಜಾನೆಯಿಂದ ಸಂಜೆಯವರೆಗೆ ಗಾಡಿಗಳ ನಡುವೆ ಕೂತಿರುತ್ತಾನೆ. ಅವನು ಬಿದ್ದದ್ದನ್ನೂ ನೋಡಿದ್ದ, ಬೀಳುವ ಮೊದಲು ಸೊಂಟದ ಮೇಲೆ ಕೈ ಇಟ್ಟದ್ದನ್ನೂ ನೋಡಿದ್ದ. ಇವರು ಗಾಡಿ ತಳ್ಳಿಕೊಂಡು ಅವನ ಮುಂದೆಯೇ ಹೋಗಬೇಕಾಯಿತು. ಬಿಟ್ಟು ಹೋಗಿ, ಸಂಜೆಯೊಳಗೆ ಮಾಡಿಕೊಡುತ್ತೇನೆ ಎಂದು ಬಾಬು ಮರಾಠಿಯಲ್ಲಿ ಹೇಳಿದ. ಅನುಸೂಯಾ ಗಂಡನ ಮುಖ ನೋಡಿದಳು.

"ನಕೋ, ನಕೋ," ಎಂದ ಮುರುಗೆಪ್ಪ. "ಮೀಚ್ ಕರ್ತೋ." ಬೇಡ, ನಾನೇ ಮಾಡುತ್ತೇನೆ!

ಬಾಬು ಹಣೆ ಬಡಿದುಕೊಂಡ. ಹೌದಲ್ಲ, ನೀವು ಗಾಡಿ ತಯಾರು ಮಾಡುವ ಮನುಷ್ಯ, ನಾನು ಯಾರಿಗೆ ಹೇಳುತ್ತಿದ್ದೇನೆ ಎಂದ. ಅದರಲ್ಲಿ ಚೇಷ್ಟೆ ಇದ್ದಿದ್ದರೆ ಮುರುಗೆಪ್ಪನಿಗೆ ಸಿಟ್ಟಾದರೂ ಬರುತ್ತಿತ್ತು. ಬಾಬು ಮನಸಾರೆ ಹೇಳಿದ್ದ.

ಮಧ್ಯಾಹ್ನಕ್ಕೆ ಮನೆಯ ಮುಂದೆ ಗೋಣಿಚೀಲ ಹಾಸಿ ಕೆಲಸ ಶುರುವಾಯಿತು. ಬಾಬುವಿನ ಕಣ್ಣಿಗೆ ಬೀಳಬಾರದೆಂದು ಎರಡು ಗಲ್ಲಿ ದಾಟಿ, ದೂರದ ಅಂಗಡಿಯಿಂದ ಕ್ಲಚ್ಚಿನ ಹಿಡಿಕೆ, ಕನ್ನಡಿ, ಇಂಡಿಕೇಟರ್ ತಂದಿದ್ದ. ಪಕ್ಕದ ಮನೆಯ ಅವ್ವಣ್ಣನಿಂದ ನಟ್ಟು ತಿರುಗಿಸುವ ಪಾನೆಗಳ ಪೆಟ್ಟಿಗೆ ಎರವಲು ಬಂತು. ಅವ್ವಣ್ಣ ಇವರ ಊರಿನ ಕಡೆಯವನೇ, ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುವ ಹಿರಿಯ. ಪೆಟ್ಟಿಗೆಯ ಬೆನ್ನಿಗೇ ಅವನೂ ಬಂದು ಕಟ್ಟೆಯ ಮೇಲೆ ಕೂತ. ಮುರುಗೆಪ್ಪ ಫೋನಿನಲ್ಲಿ ಒಂದು ರಿಪೇರಿ ವಿಡಿಯೋ ಹಚ್ಚಿ, ಅದನ್ನು ಯಾರಿಗೂ ಕಾಣದಂತೆ ಇಟ್ಟಿಗೆಯ ಹಿಂದೆ ನಿಲ್ಲಿಸಿದ.

"ಆ ಇಟ್ಟಂಗಿ ಹಿಂದ ಯಾರಪ್ಪ ಮಾತಾಡ್ಲಕತ್ತಾರ?" ಎಂದ ಅವ್ವಣ್ಣ.

"ಹಾಡ್ ಹಚ್ಚೀನಿ ಕಾಕಾ."

"ಹಿಂದಿ ಹಾಡೇನು? 'ಪಹಲೇ ನಟ್ ಖೋಲೋ' ಅನ್ಲಕತ್ತದ ಹಾಡು."

ಮುರುಗೆಪ್ಪ ಮುಂದಿನ ಗಾಲಿಗೆ ಬಂದ. ತನಗೆ ಗೊತ್ತಿರುವ ಒಂದೇ ಜಾಗ. ಎಂಟು ವರ್ಷದ ಹಿಂದೆ ಈ ಗಾಡಿ ಕೊಂಡಾಗ, ಅದು ತಯಾರಾದ ತಾರೀಖು ಪಾಳಿಯನ್ನು ಪರಿಚಯದ ಸುಪರ್‌ವೈಸರ್ ಕಡೆಯಿಂದ ತೆಗೆಸಿ ನೋಡಿದ್ದ. ಅದು ಇವನದೇ ಪಾಳಿ. ಅಂದರೆ ಈ ನಟ್ಟು ಇವನೇ ಬಿಗಿದದ್ದು. ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಉಳಿದದ್ದೂ ಹೇಳಬೇಕಾಗುತ್ತಿತ್ತು. ನಟ್ಟಿಗೆ ಪಾನೆ ಹಾಕಿದ, ಹಲ್ಲು ಕಚ್ಚಿ ತಿರುಗಿಸಿದ. ಬರಲಿಲ್ಲ. ಎದ್ದು ನಿಂತು ಮೈಭಾರ ಬಿಟ್ಟು ತಿರುಗಿಸಿದ. ಕಿರ್ ಅಂದಿತು, ಬರಲಿಲ್ಲ.

"ಮುರುಗೆಪ್ಪಾ," ಎಂದ ಅವ್ವಣ್ಣ, ಎಲೆಗೆ ಸುಣ್ಣ ಹಚ್ಚುತ್ತ. "ನೀ ಅದನ್ನ ಬಿಗೀಲಕತ್ತೀ ತಮ್ಮಾ."

ನೋಡಿದರೆ ಹೌದು. ಹದಿನಾರು ಲಕ್ಷ ಸಲ ಬಿಗಿದ ಕೈಗೆ ಬಿಚ್ಚುವ ದಿಕ್ಕೇ ಗೊತ್ತಿರಲಿಲ್ಲ. ಕಂಪನಿಯಲ್ಲಿ ಯಾರೂ ಅವನಿಗೆ ಬಿಚ್ಚು ಎಂದಿರಲಿಲ್ಲ. ಮುರುಗೆಪ್ಪ ತಲೆಯಲ್ಲಿ ಯೋಚಿಸಿ, ಕೈಗೆ ಬುದ್ಧಿ ಹೇಳಿ, ಉಲ್ಟಾ ತಿರುಗಿಸಿದ. ನಟ್ಟು ಬಿಟ್ಟಿತು. ಅವನಿಗೆ ಯಾಕೋ ತಪ್ಪು ಮಾಡಿದ ಹಾಗೆ ಅನಿಸಿತು.

ಆಮೇಲೆ ನಡೆದದ್ದನ್ನು ಪೂರ್ತಿ ಹೇಳಿದರೆ ಮರ್ಯಾದೆ ಉಳಿಯುವುದಿಲ್ಲ. ಫೋರ್ಕಿನ ಬೋಲ್ಟು ಸಡಿಲಿಸಿ, ಗಾಲಿಯನ್ನು ತೊಡೆಗಳ ನಡುವೆ ಅವುಚಿ ಹಿಡಿದು ಹ್ಯಾಂಡಲ್ಲು ತಿರುಚಬೇಕು ಎಂದಿತು ವಿಡಿಯೋ. ಹಠಮಾರಿ ಹೋರಿಯ ಕೋಡು ಹಿಡಿದವನಂತೆ ಮುರುಗೆಪ್ಪ ಗಾಡಿಯ ಜೊತೆ ಕುಸ್ತಿಗೆ ಬಿದ್ದ. ಹ್ಯಾಂಡಲ್ಲು ಸ್ವತಃ ಬಾಗಿದೆ ಎಂದು ಅವ್ವಣ್ಣ ತೋರಿಸಿದ ಮೇಲೆ, ಅದನ್ನು ಪೂರಾ ಕಳಚಿ, ಅವ್ವಣ್ಣನ ಸೆಂಟ್ರಿಂಗ್ ಪೈಪು ತೂರಿಸಿ ನೆಟ್ಟಗೆ ಮಾಡಿದ್ದಾಯಿತು. ಗೇರಿನ ಸರಳನ್ನು ರುಬ್ಬುಗುಂಡಿನಿಂದ ಬಡಿದು ಹೊರಕ್ಕೆ ತಂದದ್ದಾಯಿತು. ಅನುಸೂಯಾ ಹೊರಗೆ ಬಂದು ತನ್ನ ರುಬ್ಬುಗುಂಡನ್ನು ನೋಡಿದಳು, ಗಂಡನನ್ನು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು, ಒಳಗೆ ಹೋದಳು. ತಂತಿಗಳು, ಕೇಬಲ್ಲುಗಳು ಯಾವ ದಾರಿಯಲ್ಲಿ ಬಂದಿದ್ದವೋ ಅದೇ ದಾರಿಯಲ್ಲಿ ಹೋಗಬೇಕು ಎಂದಿತು ವಿಡಿಯೋ. ಯಾವ ದಾರಿಯಲ್ಲಿ ಬಂದಿದ್ದವು ಎಂದು ಅದಕ್ಕೂ ಗೊತ್ತಿರಲಿಲ್ಲ, ಇವನಿಗೂ ಗೊತ್ತಿರಲಿಲ್ಲ. ಕೈಗೆ ಬಂದಂತೆ ಸೇರಿಸಿದ. ಎಲ್ಲ ಮುಗಿದಾಗ ಗೋಣಿಚೀಲದ ಮೇಲೆ ಒಂದು ಬೋಲ್ಟು ಉಳಿದಿತ್ತು.

"ಇದು?" ಎಂದ ಅವ್ವಣ್ಣ.

"ಕಂಪನಿಯವರು ಒಂದೆರಡು ಹೆಚ್ಚಿಗೀನೆ ಹಾಕಿರ್ತಾರ ಕಾಕಾ," ಎಂದು ಕಂಪನಿಯವನೇ ಆದ ಮುರುಗೆಪ್ಪ ಅದನ್ನು ಜೇಬಿಗೆ ಇಳಿಸಿದ.

ಕೊನೆಗೆ ಉಳಿದದ್ದು ಮುಂದಿನ ಗಾಲಿಯ ನಟ್ಟು. ಇಲ್ಲಿ ಗನ್ನಿಲ್ಲ, ಹಸಿರು ದೀಪವಿಲ್ಲ. ಎಷ್ಟು ಬಿಗಿದರೆ ಸಾಕು ಎಂದು ಹೇಳುವವರಿಲ್ಲ. ಮುರುಗೆಪ್ಪ ವಿಡಿಯೋ ಆರಿಸಿದ. ನೆಲಕ್ಕೆ ಮಂಡಿಯೂರಿ, ಪಾನೆ ಹಾಕಿ, ಕಣ್ಣು ಮುಚ್ಚಿದ. ನಿಧಾನವಾಗಿ ಎಳೆದ, ಇನ್ನೂ ಎಳೆದ, ಮಣಿಕಟ್ಟಿನೊಳಗೆ ಎಲ್ಲೋ ಒಂದು ಕಡೆ ಟಕ್ ಅಂದಿತು. ನಿಲ್ಲಿಸಿದ. ಕಟ್ಟೆಯ ಮೇಲಿದ್ದ ಅವ್ವಣ್ಣ ಎಲೆ ಮಡಿಚುವುದನ್ನು ಬಿಟ್ಟು ಅವನ ಕೈಯನ್ನೇ ನೋಡಿದ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಎರಡು ಖಾನಾವಳಿಯ ರೊಟ್ಟಿ ಕಟ್ಟಿ ಇಟ್ಟಾಗಿತ್ತು, ಮೂರನೆಯದು ಬೇಯುತ್ತಿತ್ತು. ಮುರುಗೆಪ್ಪ ಮೊದಲು ತಾನು ಓಡಿಸಿ ನೋಡೋಣ ಎಂದು ಗಾಡಿಯನ್ನು ಬಯಲಿಗೆ ತಂದ. ಅನುಸೂಯಾ ಬರೆದ ಎಂಟು ಇನ್ನೂ ಮಸುಕಾಗಿ ಕಾಣುತ್ತಿತ್ತು. ಈ ಸಲ ಎರಡೂ ಕೈ ಹ್ಯಾಂಡಲ್ಲಿನ ಮೇಲಿದ್ದವು. ಬಲಕ್ಕೆ ತಿರುಗಿಸಿದ, ಬೆಣ್ಣೆಯ ಹಾಗೆ ತಿರುಗಿತು. ಭಲೇ ಎಂದುಕೊಂಡ. ಎಡಕ್ಕೆ ತಿರುಗಿಸಿದ. ಇವನು ಕೊಡದೆಯೇ ಗಾಡಿ ತಾನಾಗಿ ರೇಸಾಗಿ, ಭರ್ರ್ ಎಂದು ಮುಂದಕ್ಕೆ ನುಗ್ಗಿತು. ಹೇಗೋ ಬ್ರೇಕು ಹಿಡಿದು, ಅದೇ ಜಲ್ಲಿ ರಾಶಿಗೆ ಒಂದು ಮೊಳ ಮುಂಚೆ ನಿಲ್ಲಿಸಿದ. ಮತ್ತೆ ನೋಡಿದ. ನೇರ ಹೋದರೆ ಶಾಂತ, ಬಲಕ್ಕೆ ಹೋದರೆ ಶಾಂತ, ಎಡಕ್ಕೆ ತಿರುಗಿದರೆ ಮೈಮೇಲೆ ದೇವರು ಬಂದ ಹಾಗೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

ಹೇಳದೆ ಸಾಗಿಸುವ ದಾರಿಗಳನ್ನೆಲ್ಲ ಅವನ ತಲೆ ಹುಡುಕಿತು, ಸುಳ್ಳೇಕೆ? ಕ್ಲಚ್ಚು ಹಿಡಿದೇ ಓಡಿಸು ಎನ್ನಲೇ? ಟೆಸ್ಟು ಮುಂದೆ ಹೋಗಿದೆ ಎನ್ನಲೇ? ಬಲಕ್ಕೆ ಮಾತ್ರ ತಿರುಗಿಸು ಎನ್ನಲೇ? ಬರೀ ಬಲಕ್ಕೆ ತಿರುಗಿದರೆ ಎಂಟು ಆಗುವುದಿಲ್ಲ, ಸೊನ್ನೆ ಆಗುತ್ತದೆ. ಆ ಸೊನ್ನೆ ಸಿಗುವುದು ಅವಳಿಗೆ, ಅದೂ ನೆಲಕ್ಕೆ ಬಿದ್ದು. ಬಿದ್ದರೆ ಅವಳ ಕೈ ಏನಾದೀತು? ರೊಟ್ಟಿ ಬಡಿಯುವ ಕೈ! ಮುರುಗೆಪ್ಪನಿಗೆ ತನ್ನ ಮೇಲೆ ಅಸಹ್ಯವಾಯಿತು. ಗಾಡಿ ತಳ್ಳಿಕೊಂಡು ಮನೆಗೆ ನಡೆದ.

ಅನುಸೂಯಾ ಒಲೆಯ ಮುಂದೆ ಕೂತಿದ್ದಳು. ಕೈಯಲ್ಲಿ ರೊಟ್ಟಿ ಪಟಪಟ ತಿರುಗುತ್ತಿತ್ತು.

"ಅನುಸೂ. ಗಾಡಿ ಸರಿ ಆಗಿಲ್ಲ. ಎಡಕ್ಕ ತಿರುಗಿಸಿದ್ರ ತಾನ ಓಡ್ಲಕತ್ತದ."

"ಯಾಕ?"

"ನನಗ ಗೊತ್ತಿಲ್ಲ."

ಆ ಮಾತು ಬಾಯಿಂದ ಬಂದ ಮೇಲೆ ಉಳಿದದ್ದು ತಡೆಯಲಿಲ್ಲ. "ನಾ ಗಾಡಿ ತಯಾರ ಮಾಡಲ್ಲ. ನನಗ ಗಾಡಿದು ಏನೂ ಬರಲ್ಲ. ಒಂದ ನಟ್ ಬಿಗಿತೀನಿ. ಮುಂದಿನ ಗಾಲೀದು. ಹದಿನಾಲ್ಕ್ ವರ್ಷ ಆಯ್ತು, ಅದೊಂದ."

ಅನುಸೂಯಾ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. "ಗೊತ್ತದ ರೀ," ಎಂದಳು.

"ಯಾರ್ ಹೇಳಿದ್ರು?"

"ಯಾರ್ ಯಾಕ ಹೇಳಬೇಕು? ಹನ್ನೊಂದ್ ವರ್ಷ ಮಗ್ಗಲದಾಗ ಮಲಗೀನಿ. ನಿದ್ದಿಯಾಗ ನಿಮ್ಮ ಬಲಗೈ ತೋರುಬೆರಳು ಒತ್ತತದ. ಬಿಡ್ತದ, ಮತ್ತ ಒತ್ತತದ. ಬ್ಯಾರೆ ಏನೂ ಮಾಡಲ್ಲ ಆ ಕೈ. ಒಂದ ಬೆರಳು ಒತ್ತಿದ್ರ ಪೂರಾ ಗಾಡಿ ತಯಾರ ಆಗ್ತದೇನು? ಅಷ್ಟೂ ತಿಳಿಯಲ್ಲೇನು ನನಗ?"

ಮುರುಗೆಪ್ಪ ತನ್ನ ಬೆರಳು ನೋಡಿಕೊಂಡ. ಇಷ್ಟು ವರ್ಷ ಬಾಯಿಯನ್ನು ಕಾಯ್ದುಕೊಂಡದ್ದೆಲ್ಲ ದಂಡ, ಮಗ್ಗಲಲ್ಲಿ ಈ ಬೆರಳು ದಿನಾ ಸಾಕ್ಷಿ ಹೇಳಿತ್ತು.

"ಮತ್ತ ಯಾಕ ಅನ್ಲಿಲ್ಲ?"

"ನಮ್ಮಪ್ಪಗ ಫೋನಿನಾಗ ಆಯಿಲ್ ಬದಲ ಮಾಡಸ್ರಿ ಅನ್ನಾಗ ನಿಮ್ಮ ಮಾರಿ ನೋಡಬೇಕು. ಸಾಹೇಬರ ಹಂಗ ಆಗ್ತದ. ಇರ್ಲಿ ಬಿಡು ಅಂದೆ," ಎಂದಳು. ಆಮೇಲೆ ಅವಳ ದನಿ ಗಟ್ಟಿಯಾಯಿತು. "ಆದ್ರ ನಿನ್ನಿ ಸುಮ್ನಿದ್ದದ್ದು ನಂದೂ ತಪ್ಪ. ನಿಮ್ಮ ಮರ್ಯಾದಿಗಂತ ನನ್ನ ಟೆಸ್ಟ್ ಹಾಳ್ ಮಾಡ್ಕೊಂಡು ಕೂತಿದ್ದೆ. ಸಿಟ್ ಬಂದದ ನನಗ, ಭಾಳ ಬಂದದ. ಸಿಟ್ ಮಾಡ್ಲಾಕ ಈಗ ಟೈಮಿಲ್ಲ. ಒಲಿ ಆರಸ್ರಿ, ಬಾಬು ಅಂಗಡಿ ತೆಗೆದಿರ್ತಾನ."

ಬಾಬು ಕಸ ಹೊಡೆಯುತ್ತಿದ್ದ. ಮುರುಗೆಪ್ಪ ಗಾಡಿ ನಿಲ್ಲಿಸಿ, ಮರಾಠಿಯಲ್ಲಿ, ಒಂದೇ ಉಸಿರಿಗೆ ಹೇಳಿದ: ನನಗೆ ರಿಪೇರಿ ಬರುವುದಿಲ್ಲ, ಕೆಡಿಸಿದ್ದೇನೆ, ಹತ್ತಕ್ಕೆ ಇವಳ ಟೆಸ್ಟು. ಬಾಬು ಪೊರಕೆ ಬದಿಗಿಟ್ಟು ಹ್ಯಾಂಡಲ್ಲನ್ನು ಒಮ್ಮೆ ಎಡಕ್ಕೆ ತಿರುಗಿಸಿ ನೋಡಿದ. ಅಷ್ಟೇ ಸಾಕಾಯಿತು ಅವನಿಗೆ. ಆಕ್ಸಿಲರೇಟರ್ ಕೇಬಲ್ಲು ಫೋರ್ಕಿನ ಹೊರಗಿಂದ ಸುತ್ತಿ ಬಂದಿತ್ತು. ಎಡಕ್ಕೆ ತಿರುಗಿದಾಗಲೆಲ್ಲ ಅದು ಬಿಗಿದು, ಯಾರೋ ಆಕ್ಸಿಲರೇಟರ್ ಕೊಟ್ಟ ಹಾಗೆ ಎಳೆಯುತ್ತಿತ್ತು. ಅದನ್ನು ಬಿಚ್ಚಿ ಒಳಗಿಂದ ತಂದ. ಗೇರಿನ ಸರಳನ್ನು ತೆಗೆದು ಸರಿಯಾದ ಹಲ್ಲಿಗೆ ಕೂರಿಸಿದ. ಫೋರ್ಕಿನ ಹತ್ತಿರ ಬಂದು ಹುಬ್ಬು ಗಂಟಿಕ್ಕಿ, ಇಲ್ಲೊಂದು ಬೋಲ್ಟು ಇರಬೇಕಿತ್ತಲ್ಲ ಎಂದ. ಮುರುಗೆಪ್ಪ ಜೇಬಿನಿಂದ ತೆಗೆದು ಕೊಟ್ಟ. ಬಾಬು ಅದನ್ನೂ ಇವನನ್ನೂ ನೋಡಿ, ಬೋಲ್ಟನ್ನು ಅದರ ಜಾಗಕ್ಕೆ ಕೂರಿಸಿದ. ಒಳ್ಳೆಯ ಮನುಷ್ಯ.

ಆಮೇಲೆ ಮೇಲಿಂದ ಕೆಳಗೆ ಒಂದೊಂದೇ ನಟ್ಟಿಗೆ ಪಾನೆ ಹಾಕಿ ನೋಡುತ್ತ ಬಂದ. ಒಂದು ಸಡಿಲ, ಇನ್ನೊಂದು ಎಳೆ ಹೋಗುವಷ್ಟು ಬಿಗಿ. ಪ್ರತಿ ಸಲ ಬಾಬು ತುಟಿಯಲ್ಲಿ ಲೊಚಗುಟ್ಟಿದಾಗ ಮುರುಗೆಪ್ಪ ಒಂದು ಅಂಗುಲ ಕುಗ್ಗಿದ. ಕೊನೆಗೆ ಬಾಬು ಮುಂದಿನ ಗಾಲಿಯ ಅಚ್ಚಿಗೆ ಬಂದ. ಪಾನೆ ಹಾಕಿದ, ಕೈಗೆ ತೂಕ ಸಿಗುವಷ್ಟು ಎಳೆದು ನೋಡಿದ. ನಿಲ್ಲಿಸಿದ. ಇನ್ನೊಮ್ಮೆ ನೋಡಿ ಪಾನೆ ತೆಗೆದ.

"ಹೀ ಕಂಪನೀ ಫಿಟಿಂಗ್ ಆಹೇ," ಎಂದ. ಇದು ಕಂಪನಿಯಲ್ಲಿ ಬಿಗಿದದ್ದು, ಇದನ್ನು ನೀವು ಬಿಚ್ಚಿಯೇ ಇಲ್ಲ, ನಾನೂ ಮುಟ್ಟುವುದಿಲ್ಲ.

ಮುರುಗೆಪ್ಪ ನಟ್ಟನ್ನೇ ನೋಡಿದ. ನಿನ್ನೆ ಮಧ್ಯಾಹ್ನ ಗೋಣಿಚೀಲದ ಮೇಲೆ, ಅವ್ವಣ್ಣನ ತುಕ್ಕು ಹಿಡಿದ ಪಾನೆಯಿಂದ, ಕಣ್ಣು ಮುಚ್ಚಿ ಬಿಗಿದದ್ದು ಅದು. ಹೇಳಲು ಬಾಯಿ ಬರಲಿಲ್ಲ. ಯಾವ ಸುಳ್ಳಿಗೂ ತಡವರಿಸದ ಬಾಯಿ ಈ ಒಂದು ನಿಜಕ್ಕೆ ಬಿದ್ದುಹೋಯಿತು.

"ಬಿಚ್ಚಿದ್ರು," ಎಂದಳು ಅನುಸೂಯಾ, ಬಾಬುವಿಗೂ ತಿಳಿಯುವಂತೆ ಮರಾಠಿಯಲ್ಲಿ. "ನಿನ್ನೆ ಬಿಚ್ಚಿ, ಇವರೇ ಬಿಗಿದದ್ದು."

ಬಾಬು ಮತ್ತೊಮ್ಮೆ ಬಗ್ಗಿ ನಟ್ಟನ್ನು ನೋಡಿದ. "ಕಂಪನೀ ಫಿಟಿಂಗ್!" ಎಂದ, ಈ ಸಲ ಮುರುಗೆಪ್ಪನ ಮುಖ ನೋಡಿ.

ಆಗಿದ್ದಷ್ಟು ರೊಟ್ಟಿಯನ್ನು ದಾರಿಯಲ್ಲೇ ಖಾನಾವಳಿಗಳಿಗೆ ಮುಟ್ಟಿಸಿದರು. ಟೆಸ್ಟಿನ ಮೈದಾನದಲ್ಲಿ ಅನುಸೂಯಾಳ ಸರತಿ ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಮುರುಗೆಪ್ಪ ಹಗ್ಗದ ಆಚೆ ನಿಂತ. ಹೆಲ್ಮೆಟ್ಟು ಹಾಕಿಕೊಂಡ ಹೆಂಡತಿ ಗಾಡಿ ಹತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಂಟರೊಳಗೆ ಹೊಕ್ಕಳು. ಬಲಕ್ಕೆ ಸುತ್ತಿದಳು. ನಡುವಿಗೆ ಬಂದು ಎಡಕ್ಕೆ ವಾಲಿಸಿದಳು. ಇಂಜಿನ್ನು ತನ್ನ ಪಾಡಿಗೆ ತಾನು ಗುನುಗುತ್ತಿತ್ತು. ಅವನ ಕಣ್ಣು ಅವಳ ಮೇಲೂ ಇರಲಿಲ್ಲ, ಇನ್ಸ್‌ಪೆಕ್ಟರ ಮೇಲೂ ಇರಲಿಲ್ಲ. ಮುಂದಿನ ಗಾಲಿಯ ಮೇಲಿತ್ತು. ಅದು ಎಲ್ಲೂ ನಡುಗಲಿಲ್ಲ. ನೆಲದ ಮೇಲೆ ಪುಡಿ ಇಲ್ಲದಿದ್ದರೂ ಅವಳು ರಂಗೋಲಿಯನ್ನೇ ಬರೆಯುತ್ತಿದ್ದಳು. ತನ್ನ ತೋರುಬೆರಳು ತೊಡೆಯ ಮೇಲೆ ಒತ್ತುತ್ತ ಬಿಡುತ್ತ ಇದೆ ಎಂದು ಅವನಿಗೆ ಗೊತ್ತಾದದ್ದು ಅವಳು ಕಾಲೂರದೆ ಹೊರಗೆ ಬಂದ ಮೇಲೆಯೇ. ಇನ್ಸ್‌ಪೆಕ್ಟರು ಕಾಗದದ ಮೇಲೆ ಏನೋ ಬರೆದು, ತಲೆ ಎತ್ತದೆ, "ಪಾಸ್. ಪುಢಚಾ," ಎಂದರು. ಮುಂದಿನವನು ಬಂದ.

"ಹಿಂದ ಕೂಡ್ರಿ," ಎಂದಳು ಅನುಸೂಯಾ.

ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಅವನು ಎಂದೂ ಕೂತವನಲ್ಲ. ಕಾಲು ಎಲ್ಲಿಡಬೇಕೆಂದು ಹುಡುಕಿದ. ಕೈ ಎಲ್ಲಿಡಬೇಕೆಂದು ಹುಡುಕಿದ. ಅವಳು ಕನ್ನಡಿಯಲ್ಲಿ ಅದನ್ನು ನೋಡಿ ನಿನ್ನೆಯಿಂದ ಮೊದಲ ಸಲ ನಕ್ಕಳು. "ಎರಡೂ ಕೈ ಇಟ್ಟು ಹಿಡೀರಿ. ಸೊಂಟದ ಮ್ಯಾಲ ಇಟ್ಕೊಂಡ್ರ ಬೀಳ್ತೀರಿ."

ದಾರಿಯಲ್ಲಿ ಚಹಾಕ್ಕೆ ನಿಂತಾಗ ಫೋನು ಬಂತು. ಊರಿನಿಂದ ಮಾವ. ಅನುಸೂಯಾ ಫೋನನ್ನು ಸ್ಪೀಕರಿಗೆ ಹಾಕಿ ಟೆಸ್ಟಿನ ಸುದ್ದಿ ಹೇಳಿದಳು. ಮಾವ ಹಿಗ್ಗಿದರು. ಆಮೇಲೆ ಎಂದಿನಂತೆ, "ಅಳಿಯಂದ್ರು ಅದಾರೇನು? ಅಳಿಯಂದ್ರ, ನಮ್ ಗಾಡಿ ಮೂರ್ ದಿನ ಆಯ್ತು, ತಗ್ಗಿನಾಗ ಇಳಿದ್ರ ಮುಂದ ಗಡಗಡ ಅನ್ಲಕತ್ತದ. ಆಯಿಲ್ ಬದಲ ಮಾಡಸ್ಲೇನು?"

ಮುರುಗೆಪ್ಪ ಚಹಾದ ಲೋಟ ಕೆಳಗಿಟ್ಟ. "ಮಾವಾ, ಒಂದ್ ಮಾತ್ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನಗ ಗಾಡಿದು ಏನೂ ಗೊತ್ತಿಲ್ಲ. ಕಂಪನಿಯಾಗ ನಾ ಮುಂದಿನ ಗಾಲಿ ನಟ್ ಒಂದ ಬಿಗಿತೀನಿ. ಆಯಿಲ್ ಅಂತ ಸುಮ್ನ ಹೇಳ್ತಿದ್ದೆ."

ಆ ಕಡೆಯಿಂದ ಒಂದು ಆಡು ಅರಚಿದ್ದು ಕೇಳಿಸಿತು.

"ಅದಕ್ಕೇನು ಬಿಡ್ರಿ," ಎಂದರು ಮಾವ. "ನೀವು ಹೇಳಿದಿರಂತ ನಾ ಒಮ್ಮಿ ಭೀ ಆಯಿಲ್ ಬದಲ ಮಾಡ್ಸಿಲ್ಲ. ಸೀದಾ ಇಲ್ಲೀ ಮೆಕ್ಯಾನಿಕ್ ಕಡೆ ಒಯ್ತಿದ್ದೆ. ಮಗಳ ಗಂಡ, ಗಾಡಿ ತಯಾರ ಮಾಡ್ತಾರ, ಕೇಳಲಿಲ್ಲಂದ್ರ ಚಂದ ಕಾಣಲ್ಲ ಅಂತ ಕೇಳ್ತಿದ್ದೆ, ಅಷ್ಟ."

ಅನುಸೂಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಮುರುಗೆಪ್ಪ ನಾಚಿಕೆಯಿಂದ ಕಿವಿಯವರೆಗೆ ಕೆಂಪಾದ, ಮರುಕ್ಷಣ ಅವನಿಗೂ ನಗು ತಡೆಯಲಾಗಲಿಲ್ಲ. ಹನ್ನೊಂದು ವರ್ಷ ಅವನ ಮಾತನ್ನು ನಂಬಿ ಕೆಟ್ಟವರು ಯಾರೂ ಇರಲಿಲ್ಲ. ಅವನ ಮಾತನ್ನು ನಂಬಿದವನು ಅವನೊಬ್ಬನೇ.

ನಗು ಇಳಿದ ಮೇಲೆ ಮಾವ ಹೇಳಿದ್ದು ಮತ್ತೆ ನೆನಪಾಯಿತು. ಮುಂದೆ, ತಗ್ಗಿನಲ್ಲಿ, ಗಡಗಡ.

"ಮಾವಾ, ಗಾಡಿ ಎಲ್ಲದ ಈಗ? ಒಂದ್ ಕೆಲಸ ಮಾಡ್ರಿ. ದೊಡ್ಡ ಸ್ಟ್ಯಾಂಡ್ ಹಾಕಿ, ಮುಂದಿನ ಗಾಲಿ ಎರಡೂ ಕೈಲೆ ಹಿಡಿದು ಆಚೀಚೆ ಅಲುಗಾಡ್ಸ್ರಿ."

ಫೋನಿನಲ್ಲಿ ಚಪ್ಪಲಿಯ ಸದ್ದು, ಸ್ಟ್ಯಾಂಡಿನ ಸದ್ದು. ಆಮೇಲೆ ಕಬ್ಬಿಣ ಕಟಕಟ ಎಂದದ್ದು. ಆ ಸದ್ದು ಮುರುಗೆಪ್ಪನಿಗೆ ಗೊತ್ತಿತ್ತು.

"ಅಲುಗ್ಲಕತ್ತದ ಅಳಿಯಂದ್ರ. ನಟ್ ಕೈಲೇ ತಿರುಗ್ಲಕತ್ತದ!"

"ಹತ್ತಬ್ಯಾಡ್ರಿ ಮಾವಾ! ಅದು ಬಿಗಿಯೋತನ ಗಾಡಿ ಹತ್ತಬ್ಯಾಡ್ರಿ. ಮೆಕ್ಯಾನಿಕ್‌ಗ ಮನಿಗೇ ಕರೀರಿ. ಮೂರ್ ದಿನ ಅದರ ಮ್ಯಾಲ ಹ್ಯಾಂಗ ಓಡ್ಯಾಡಿದ್ರಿ ನೀವು!"

ಅನುಸೂಯಾ ನಗು ನಿಲ್ಲಿಸಿ, ಅವನ ಕೈಯ ಮೇಲೆ ಕೈ ಇಟ್ಟಳು.

"ಆಯ್ತ್ರಿ, ಆಯ್ತ್ರಿ," ಎಂದರು ಮಾವ. ಅವರಿಗೂ ಈಗ ಹೆದರಿಕೆ ತಾಗಿತ್ತು. "ಮತ್ತ ಆಯಿಲ್?"

"ಆಯಿಲ್ ಬ್ಯಾಡ್ರಿ," ಎಂದ ಮುರುಗೆಪ್ಪ. "ಅದೊಂದ ನಟ್ ಬಿಗಿಸ್ರಿ ಸಾಕು."